ಪೂಜೆಗೆ ಕೂತ ಅಪ್ಪನಿಗೆ ಏಳಲಾಗುತ್ತಿಲ್ಲ: ಮಣೆ ಬಿಡಿಸಬೇಕೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ, ಹಳೆಯ ಹೆಂಚಿನ ಮನೆ. ಅಪ್ಪನಿಗೆ 74, ಅಮ್ಮನಿಗೆ 69. ಅಪ್ಪ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಮಣೆಯ ಮೇಲೆ ಕೂತು ಪೂಜೆ ಮಾಡುತ್ತಾರೆ. ಊಟವೂ ನೆಲದ ಮೇಲೆಯೇ. ಹೋದ ತಿಂಗಳು ಮಂಗಳಾರತಿಗೆ ಏಳುವಾಗ ಜೋಲಿ ಹೊಡೆದು ದೀಪದ ಕಂಬ ಹಿಡಿದುಕೊಂಡರು. ಕಂಬ ಉರುಳಿತು, ಪುಣ್ಯಕ್ಕೆ ಅವರು ಬೀಳಲಿಲ್ಲ. ಅವರಿಗೆ ಬಿಪಿಗೆ, ಪ್ರಾಸ್ಟೇಟ್‌ಗೆ ಮಾತ್ರೆ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಆದರೂ ಈಳಿಗೆಮಣೆ, ರಂಗೋಲಿ ಬಿಟ್ಟಿಲ್ಲ. ಶೌಚಾಲಯ ಕುಕ್ಕರಗಾಲಲ್ಲಿ ಕೂರುವಂಥದ್ದು. ನಾವು ಮಕ್ಕಳು ಬೆಂಗಳೂರಿನಲ್ಲಿದ್ದೇವೆ. ಎಲ್ಲಕ್ಕೂ ಕುರ್ಚಿ ತಂದುಬಿಡೋಣ ಅಂದರೆ ಅಪ್ಪ ಸುತಾರಾಂ ಒಪ್ಪುತ್ತಿಲ್ಲ. ಏನು ಮಾಡುವುದು?

ಉತ್ತರ: ನಿಮ್ಮ ತಂದೆಯವರ ಹಟದಲ್ಲಿ ಅರ್ಧ ನ್ಯಾಯವಿದೆ. ದಿನಕ್ಕೆ ಮೂರು ನಾಲ್ಕು ಸಲ ನೆಲಕ್ಕೆ ಕೂತು ಏಳುವವರಿಗೆ ತೊಡೆ, ಪೃಷ್ಠ, ಸೊಂಟದ ಸ್ನಾಯುಗಳ ವ್ಯಾಯಾಮ ಅಲ್ಲೇ ಆಗಿಹೋಗುತ್ತದೆ. ಈ ವಯಸ್ಸಿನಲ್ಲಿ ಅದನ್ನು ಒಮ್ಮೆಗೇ ನಿಲ್ಲಿಸಿ, ಬದಲಿಗೆ ಏನೂ ಕೊಡದೆ ಕುರ್ಚಿ ಹಿಡಿಸಿದರೆ, ಕೆಲವು ತಿಂಗಳಲ್ಲಿ ಆ ಕುರ್ಚಿಯಿಂದ ಏಳುವುದೂ ಕಷ್ಟವಾಗುತ್ತದೆ. ಉಳಿದರ್ಧ ನ್ಯಾಯ ನಿಮ್ಮದು. ಈಗ ಏಳುತ್ತಿರುವ ರೀತಿಯಲ್ಲೇ ಏಳುತ್ತಿದ್ದರೆ ಒಂದು ದಿನ ಬೀಳುತ್ತಾರೆ. ನೆಲ ಬಿಡಿಸುವ ಮಾತು ಸದ್ಯಕ್ಕೆ ಬೇಡ. ಏಳುವ ಕ್ರಮ ಬದಲಾಯಿಸಿ, ಕೂರುವ ಎತ್ತರ ಸ್ವಲ್ಪ ಏರಿಸಿ, ಕಾಲಿಗೆ ಬಲ ತುಂಬಿಸಿ. ಅದಕ್ಕೂ ಮುಂಚೆ ಆ ದಿನ ನಿಜಕ್ಕೂ ಏನಾಯಿತು ಎಂಬುದು ಗೊತ್ತಾಗಬೇಕು.

ಜೋಲಿ ಹೊಡೆದರು ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಅಪ್ಪನನ್ನೇ ಸಮಾಧಾನದಲ್ಲಿ ಕೇಳಿ: ಏಳುವಾಗ ಕಾಲಲ್ಲಿ ಶಕ್ತಿ ಸಾಲಲಿಲ್ಲವೇ? ಎದ್ದ ಮೇಲೆ ಕಣ್ಣು ಕತ್ತಲಿಟ್ಟಿತೇ? ಕಾಲು ಜೋಮು ಹಿಡಿದು ಪಾದ ಎಲ್ಲಿದೆ ಎಂದೇ ತಿಳಿಯಲಿಲ್ಲವೇ? ಅರ್ಧ ಎದ್ದು ಹಿಂದಕ್ಕೆ ಕುಸಿದಿದ್ದರೆ ಅದು ತೊಡೆಯ ಶಕ್ತಿಯ ಪ್ರಶ್ನೆ. ಪೂರ್ತಿ ಎದ್ದು ನಿಂತು, ನಾಲ್ಕಾರು ಸೆಕೆಂಡು ಬಿಟ್ಟು ತೂಗಿದ್ದರೆ ರಕ್ತದೊತ್ತಡದ ಕಡೆ ನೋಡಬೇಕು. ಎದ್ದು ಮೊದಲ ಹೆಜ್ಜೆ ಇಡುವಾಗ ಮುಗ್ಗರಿಸಿದ್ದರೆ ಜೋಮು. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಒತ್ತಡ ಇಳಿಯುವವರಿಗೆ ಬರೀ ಕುರ್ಚಿ ತಂದುಕೊಟ್ಟರೆ ಅವರು ಕುರ್ಚಿಯಿಂದೆದ್ದು ಬೀಳುತ್ತಾರೆ, ಅಷ್ಟೇ.

ನೀವು ಬರೆದ ವಿವರ ನೋಡಿದರೆ ಮೊದಲ ಅನುಮಾನ ಒತ್ತಡದ ಮೇಲೆ. ಬಿಪಿ ಮಾತ್ರೆಯ ಜೊತೆ ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಬಗೆಯ ಮಾತ್ರೆ ಸೇರಿದರೆ, ಎದ್ದು ನಿಂತಾಗ ಒತ್ತಡ ಥಟ್ಟನೆ ಇಳಿಯುವುದು ಹೆಚ್ಚು. ಅದರ ಮೇಲೆ ಖಾಲಿ ಹೊಟ್ಟೆ, ಸ್ನಾನದ ಬಿಸಿನೀರಿಗೆ ಹಿಗ್ಗಿದ ರಕ್ತನಾಳಗಳು, ಮುಕ್ಕಾಲು ಗಂಟೆ ಮಡಚಿಕೊಂಡೇ ಇದ್ದ ಕಾಲು. ಏಕಾದಶಿಯ ದಿನ ಇದು ಇನ್ನೂ ಕೆಡುತ್ತದೆ. ಹಿಂದಿನ ರಾತ್ರಿಯಿಂದ ಸರಿಯಾಗಿ ನೀರು ಕುಡಿದಿರುವುದಿಲ್ಲ, ಮಾತ್ರೆ ಮಾತ್ರ ನುಂಗಿರುತ್ತಾರೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಬಿಪಿ ಯಂತ್ರ ಸಾಕು, ಮಣಿಕಟ್ಟಿನದು ಬೇಡ. ಐದು ನಿಮಿಷ ಅಂಗಾತ ಮಲಗಿಸಿ ಒಮ್ಮೆ ಅಳೆಯಿರಿ. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೊಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಹೆಚ್ಚು ಇಳಿದರೆ ಅದನ್ನು ನಿರ್ಲಕ್ಷಿಸುವಂತಿಲ್ಲ. ಎರಡು ಮೂರು ದಿನ, ಪೂಜೆಯ ಹೊತ್ತಿಗೇ ಅಳೆದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯ ಹೊತ್ತು, ಪ್ರಮಾಣ ಬದಲಿಸುವುದು ಅವರ ಕೆಲಸ. ನೀವಾಗಿ ಬಿಪಿ ಮಾತ್ರೆ ನಿಲ್ಲಿಸಬೇಡಿ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ಅಳೆದು ನಾರ್ಮಲ್ ಎಂದು ಕಳಿಸಿದ ಚೀಟಿ ಈ ತೊಂದರೆಗೆ ಉತ್ತರವಲ್ಲ.

ವೈದ್ಯರ ಭೇಟಿಯವರೆಗೆ ಮೂರು ರೂಢಿ ಸಾಕು. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರು ಮಿತಿ ಮಾಡಿಲ್ಲವಾದರೆ, ಪೂಜೆಗೆ ಕೂರುವ ಮುಂಚೆ ಒಂದು ದೊಡ್ಡ ಲೋಟ ನೀರು. ಏಳುವ ಮುಂಚೆ ಕಾಲು ಚಾಚಿ ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಮುಷ್ಟಿ ಕಟ್ಟಿ ಬಿಡುವುದು. ಎದ್ದ ಮೇಲೆ ನಿಂತಲ್ಲೇ ಹತ್ತು ಎಣಿಸಿ, ಆಮೇಲೆ ಹೆಜ್ಜೆ. ನೀರು ಕುಡಿದರೆ ಪೂಜೆಗೆ ಭಂಗವೇ ಎಂದು ಅಪ್ಪ ಕೇಳಿದರೆ, ನಿಮ್ಮ ಮನೆಯ ಪುರೋಹಿತರ ಬಾಯಲ್ಲೇ ಹೇಳಿಸಿ. ಅನಾರೋಗ್ಯದವರಿಗೆ ವಿನಾಯಿತಿ ಕೊಡದ ಪುರೋಹಿತರು ಅಪರೂಪ, ಅವರ ಒಂದು ಮಾತಿಗೆ ಡಾಕ್ಟರ ಹತ್ತು ಮಾತಿನ ತೂಕವಿರುತ್ತದೆ.

ಜೋಮಿನ ವಿಷಯ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತಾಗ ಮಂಡಿಯ ಹೊರಬದಿಯಲ್ಲಿ, ಚರ್ಮದ ಹತ್ತಿರವೇ ಹಾದುಹೋಗುವ ನರ ಒತ್ತಿಕೊಳ್ಳುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಅದರ ಮೂಲಕವೇ. ಆದ್ದರಿಂದ ಎದ್ದ ತಕ್ಷಣ ಪಾದ ಜೋತುಬಿದ್ದು, ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಾರೆ. ಹೊಸ್ತಿಲು ಎತ್ತರವಿರುವ ಹಳೆಯ ದೇವರ ಮನೆಗಳಲ್ಲಿ ಆ ಮೊದಲ ಹೆಜ್ಜೆಯೇ ಹೊಸ್ತಿಲಿಗೆ ಬಡಿಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಕಾಲು ಬದಲಾಯಿಸಲಿ. ಸಂಕಲ್ಪಕ್ಕೊಮ್ಮೆ, ಅಭಿಷೇಕ ಮುಗಿದಾಗೊಮ್ಮೆ, ಅರ್ಚನೆ ಮುಗಿದಾಗೊಮ್ಮೆ ಎಂದು ಪೂಜೆಯ ಕ್ರಮಕ್ಕೇ ಜೋಡಿಸಿಕೊಟ್ಟರೆ ಮರೆಯುವುದಿಲ್ಲ.

ಇನ್ನು ತೊಡೆಯ ಶಕ್ತಿ. ಅಪ್ಪ ಅಮ್ಮ ಇಬ್ಬರಿಗೂ ಈ ಪರೀಕ್ಷೆ ಮಾಡಿ. ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ 70ರಿಂದ 74ರ ಗಂಡಸರಲ್ಲಿ 12ಕ್ಕಿಂತ ಕಡಿಮೆ, 65ರಿಂದ 69ರ ಹೆಂಗಸರಲ್ಲಿ 11ಕ್ಕಿಂತ ಕಡಿಮೆ ಬಂದರೆ ಬೀಳುವ ಸಂಭವ ಹೆಚ್ಚು. ಕೈ ಊರದೆ ಏಳಲು ಆಗಲೇ ಇಲ್ಲವೆಂದರೆ ಲೆಕ್ಕ ಸೊನ್ನೆ. ಸೊನ್ನೆ ಬಂದವರು ಸದ್ಯಕ್ಕೆ, ಪಕ್ಕದಲ್ಲಿ ಯಾರೂ ಇಲ್ಲದಾಗ, ನೆಲಕ್ಕೆ ಕೂರಬಾರದು. ಈ ಅಂಕಿಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ, ಮುಂದೆ ಬೇಕಾಗುತ್ತದೆ.

ನೆಲದಿಂದ ಏಳುವ ಕ್ರಮ ಈಗ. ಹೆಚ್ಚಿನ ಹಿರಿಯರು ಚಕ್ಕಳಮಕ್ಕಳದಿಂದ ಒಂದು ಕೈ ಊರಿ, ಸೊಂಟ ತಿರುಚಿ, ಒಂದೇ ಜೋರಿಗೆ ಮೇಲೆ ಬರುತ್ತಾರೆ. ಐವತ್ತರ ವಯಸ್ಸಿಗೆ ಅದು ನಡೆಯುತ್ತದೆ. ಎಪ್ಪತ್ತರ ಮೇಲೆ ಆ ಜೋರು ಅರ್ಧ ದಾರಿಯಲ್ಲಿ ಕೈಕೊಡುತ್ತದೆ, ಆಗ ದೇಹ ಗಾಳಿಯಲ್ಲಿರುತ್ತದೆ. ಕಲಿಸಬೇಕಾದ ಕ್ರಮದಲ್ಲಿ ದೇಹಕ್ಕೆ ಯಾವ ಕ್ಷಣದಲ್ಲೂ ಮೂರು ಕಡೆ ಆಧಾರವಿರುತ್ತದೆ. ಕಾಲು ಬಿಡಿಸಿ, ಚಾಚಿ, ಉಜ್ಜಿಕೊಳ್ಳಲಿ. ಎರಡೂ ಮಂಡಿ ಒಂದೇ ಕಡೆಗೆ ಮಡಚಿ, ಆ ಬದಿಗೆ ತಿರುಗಿ ಎರಡೂ ಅಂಗೈ ನೆಲಕ್ಕೆ ಊರಲಿ. ಅಲ್ಲಿಂದ ಅಂಬೆಗಾಲಿಗೆ ಬರಲಿ. ಎದುರಿಗೆ ಗೋಡೆಗೆ ತಾಗಿಸಿಟ್ಟ ಗಟ್ಟಿ ಮರದ ಕುರ್ಚಿ ಅಥವಾ ಸ್ಟೂಲು ಇರಬೇಕು. ಅಂಬೆಗಾಲಲ್ಲೇ ಅದರ ಹತ್ತಿರ ಹೋಗಿ ಎರಡೂ ಕೈ ಅದರ ಮೇಲಿಡಲಿ. ಬಲವಾದ ಕಾಲಿನ ಪಾದವನ್ನು ಮುಂದಿಟ್ಟು ಪೂರ್ತಿ ಅಂಗಾಲು ನೆಲಕ್ಕೆ ತಾಗಿಸಲಿ. ಮೇಲೆತ್ತುವ ಕೆಲಸ ಮುಂದಿನ ಕಾಲಿನದು, ಅದಕ್ಕೇ ಬಲವಾದದ್ದು ಮುಂದೆ. ಹಿಂದಿನ ಪಾದದ ಬೆರಳುಗಳನ್ನು ಒಳಕ್ಕೆ ಮಡಚಿ ಊರಿ, ಮೂಗು ಮುಂದಿನ ಮಂಡಿಯ ನೇರಕ್ಕೆ ಬರುವಷ್ಟು ಬಾಗಿ, ಕೈ ಮತ್ತು ಮುಂಗಾಲು ಎರಡರಿಂದಲೂ ಒತ್ತಿ ಏಳಲಿ. ಎದ್ದು ಕೈ ಬಿಡದೆ ಹತ್ತು ಎಣಿಸಲಿ.

ಇದರಲ್ಲಿ ಕೆಡುವುದು ಎರಡು ಕಡೆ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಕೈ ಒತ್ತಿದ ಕೂಡಲೇ ಅದು ಮಗುಚುತ್ತದೆ. ಮುಂದಿನ ಪಾದವನ್ನು ತೀರಾ ದೂರ ಇಟ್ಟರೆ ಭಾರ ಹಿಂದೆಯೇ ಉಳಿದು, ಎಷ್ಟು ಒತ್ತಿದರೂ ಏಳಲಾಗುವುದಿಲ್ಲ. ಪಾದ ಮಂಡಿಯ ಕೆಳಗೇ ಇರಬೇಕು. ಮಂಡಿ ಊರಿದರೆ ನೋಯುತ್ತದೆ ಅನ್ನುವವರಿಗೆ ನಾಲ್ಕು ಮಡಿಕೆ ಹಾಕಿದ ಕಂಬಳಿ ಹಾಸಿ. ಮೊದಲ ಒಂದು ವಾರ ಪೂಜೆಯ ಹೊತ್ತು ಬಿಟ್ಟು, ಮಧ್ಯಾಹ್ನ ಹಾಸಿಗೆಯ ಪಕ್ಕದಲ್ಲಿ ದಿನಕ್ಕೆರಡು ಸಲ ಅಭ್ಯಾಸ ಮಾಡಿಸಿ. ಕೂರುವಾಗಲೂ ಇದೇ ಕ್ರಮ, ತಿರುಗುಮುರುಗಾಗಿ. ದೊಪ್ಪೆಂದು ಕೂರುವುದು ಸಣ್ಣ ವಿಷಯವಲ್ಲ. ಮೂಳೆ ಸವೆದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹಾಗೆ ಕುಕ್ಕರಿಸಿದ ಏಟಿಗೇ ಬೆನ್ನುಮೂಳೆ ಕುಸಿದದ್ದಿದೆ.

ದೇವರ ಮನೆಯನ್ನೊಮ್ಮೆ ಕೂತು ನೋಡಿ, ನಿಂತಲ್ಲ. ಅಪ್ಪನ ಮಣೆ ಬಹುಶಃ ನೆಲದಿಂದ ಎರಡು ಇಂಚು ಎತ್ತರವಿದೆ. ಅದನ್ನು ಆರರಿಂದ ಎಂಟು ಇಂಚಿನದಕ್ಕೆ ಬದಲಾಯಿಸಿದರೆ ಸೊಂಟ ಮಂಡಿಗಿಂತ ಮೇಲೆ ಬರುತ್ತದೆ. ಜೋಮು ಕಡಿಮೆಯಾಗುತ್ತದೆ, ಬೆನ್ನು ಬಾಗುವುದಿಲ್ಲ, ಏಳುವ ದೂರವೂ ಅಷ್ಟು ಕಡಿಮೆ. ಊರಿನ ಬಡಗಿಯ ಹತ್ತಿರ ಹೇಳಿ ಮಾಡಿಸಿ. ಅಗಲ ಒಂದೂವರೆ ಅಡಿ, ಉದ್ದ ಎರಡಡಿಗೆ ಕಡಿಮೆಯಿರಬಾರದು, ನಾಲ್ಕು ಮೂಲೆಗೂ ರಬ್ಬರ್ ಬುಷ್ ಹಾಕಿಸಬೇಕು, ಮೇಲೆ ಪಾಲಿಶ್ ಬೇಡ. ಮಣೆ ಏರಿದಷ್ಟೇ ದೇವರ ಪೀಠವನ್ನೂ, ಪೂಜಾ ಸಾಮಾನಿನ ತಟ್ಟೆಯನ್ನೂ ಏರಿಸಿ. ಇಲ್ಲವಾದರೆ ಬಾಗಿ ಬಾಗಿ ಬೆನ್ನು ನೋವು ಶುರುವಾಗಿ, ಹಳೆಯ ಮಣೆಯೇ ವಾಸಿ ಅನ್ನುತ್ತಾರೆ. ಕುರ್ಚಿಗೆ ಒಪ್ಪದವರು ಎತ್ತರದ ಮಣೆಗೆ ಒಪ್ಪುವುದು ಸುಲಭ, ಅದು ಮಣೆಯೇ ತಾನೆ.

ನಿಮ್ಮ ಮನೆಯಲ್ಲಿ ಮರದ ಕಂಬಗಳಿದ್ದರೆ ಅದಕ್ಕಿಂತ ಒಳ್ಳೆಯ ಆಧಾರ ಅಂಗಡಿಯಲ್ಲಿ ಸಿಗುವುದಿಲ್ಲ. ಊಟದ ಮಣೆಯನ್ನು ಕಂಬದಿಂದ ಕೈಯಳತೆಯಲ್ಲಿ ಹಾಕಿ. ದೇವರ ಮನೆಯಲ್ಲಿ ಕಂಬ ಇಲ್ಲದಿದ್ದರೆ ಹಿಡಿಕೆ ಹಾಕಿಸಬೇಕಾಗುತ್ತದೆ. ಸರಳಿನ ದಪ್ಪ 32ರಿಂದ 38 ಮಿ.ಮೀ. ಇದ್ದರೆ ಮುಷ್ಟಿ ಪೂರ್ತಿ ಕೂರುತ್ತದೆ. ಗೋಡೆಗೂ ಸರಳಿಗೂ ನಡುವೆ ಒಂದೂವರೆ ಇಂಚು ಸಂದು ಸಾಕು, ಜಾಸ್ತಿ ಬಿಟ್ಟರೆ ಜಾರಿದಾಗ ಮೊಣಕೈ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಗೋಡೆಗೆ, ಸವೆದ ಜಂಬಿಟ್ಟಿಗೆ ಗೋಡೆಗೆ ಬರೀ ಸ್ಕ್ರೂ ಹೊಡೆದು ಹಾಕಿದ ಹಿಡಿಕೆ ಇಲ್ಲದಿರುವುದಕ್ಕಿಂತ ಅಪಾಯ, ಏಕೆಂದರೆ ನಂಬಿ ಜಗ್ಗುತ್ತಾರೆ. ಅಂಥ ಕಡೆ ನೆಲದಿಂದ ಜಂತೆಯವರೆಗೆ ನೇರ ಪೈಪು ನಿಲ್ಲಿಸಿ ಎರಡೂ ತುದಿ ಬಿಗಿಸುವುದು ಸರಿ. ಹಾಕಿದ ಮೇಲೆ ಮನೆಯ ದಪ್ಪನೆಯ ಆಳೊಬ್ಬರು ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಲಿ. ಜಂತೆಗೆ ಹಗ್ಗ ಇಳಿಬಿಡುವ ಉಪಾಯವನ್ನು ಯಾರಾದರೂ ಹೇಳಬಹುದು. ಹಗ್ಗ ತೂಗುತ್ತದೆ, ಹಿಡಿದವರೂ ತೂಗುತ್ತಾರೆ.

ಮಂಗಳಾರತಿಯ ಕ್ಷಣವೇ ಅತಿ ಅಪಾಯದ್ದು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಉರಿಯುವ ಆರತಿ, ಅಂದರೆ ಊರಲು ಕೈಯೇ ಇಲ್ಲ. ಉಟ್ಟದ್ದು ಜಾರುವ ಪಟ್ಟೆ ಮಡಿ, ಪಂಚೆಯ ಅಂಚು ಅಂಗಾಲಿನ ಕೆಳಗೆ. ನೆಲದಲ್ಲಿ ತೀರ್ಥ ಚೆಲ್ಲಿದೆ, ಎರಡು ಹನಿ ಎಣ್ಣೆಯೂ ಬಿದ್ದಿರುತ್ತದೆ, ನಯವಾದ ಕೆಂಪು ಗಾರೆ ನೆಲಕ್ಕೆ ಅಷ್ಟು ಸಾಕು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಬರಿಗೈಯಲ್ಲಿ ಏಳುವುದು, ಹತ್ತು ಎಣಿಸುವುದು, ಆಮೇಲೆ ಸೊಂಟದೆತ್ತರದ ಗೂಡಿನಲ್ಲೋ ಸ್ಟೂಲಿನ ಮೇಲೋ ಇಟ್ಟ ಆರತಿಯನ್ನು ತೆಗೆದುಕೊಳ್ಳುವುದು. ದೀಪ ಹೊತ್ತಿಸಿಕೊಡಲು ಅಮ್ಮ ಇರಲಿ. ದೀಪದ ಕಂಬಗಳನ್ನು ಅಪ್ಪ ಕೈ ಚಾಚಿದರೂ ಸಿಗದಷ್ಟು ದೂರ ಸರಿಸಿ. ತೂಗಿದಾಗ ಕೈ ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದೆ, ಆಗ ಅಲ್ಲಿ ಸಿಗಬೇಕಾದ್ದು ಹಿಡಿಕೆ, ಉರಿಯುವ ದೀಪವಲ್ಲ. ಪಂಚೆಯನ್ನು ಕಚ್ಚೆ ಹಾಕಿ ಉಟ್ಟರೆ ಅಂಚು ಕಾಲಿಗೆ ಸಿಗುವುದಿಲ್ಲ.

ಆತ್ಮಪ್ರದಕ್ಷಿಣೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಈಗಷ್ಟೇ ನೆಲದಿಂದ ಎದ್ದವರು ನಿಂತಲ್ಲೇ ಮೂರು ಸುತ್ತು ಗಿರಕಿ ಹೊಡೆದು, ತಕ್ಷಣ ಬಗ್ಗಿ ನಮಸ್ಕಾರ ಮಾಡುವುದೆಂದರೆ ಒಳಗಿವಿಯ ಸಮತೋಲನಕ್ಕೆ ದೊಡ್ಡ ಪರೀಕ್ಷೆ. ಹಿಡಿಕೆಯ ಪಕ್ಕದಲ್ಲಿ ನಿಂತು, ಪಾದ ಎತ್ತಿಟ್ಟು, ಒಂದು ಸುತ್ತಿಗೆ ಆರೇಳು ಹೆಜ್ಜೆಯಂತೆ ನಿಧಾನಕ್ಕೆ ತಿರುಗಲಿ. ಸಾಷ್ಟಾಂಗವನ್ನು ಪೂಜೆಯ ಕೊನೆಗೆ ಇಟ್ಟುಕೊಳ್ಳುವ ಬದಲು, ಕುಳಿತಿದ್ದಾಗಲೇ ಮಂಡಿಯೂರಿ ನಮಸ್ಕರಿಸಿ, ಒಂದೇ ಸಲಕ್ಕೆ ಏಳುವಂತೆ ಹೊಂದಿಸಿಕೊಳ್ಳಬಹುದು.

ಕಾಲಿನ ಬಲಕ್ಕೆ ಜಿಮ್ ಬೇಡ. ಪರೀಕ್ಷೆಗೆ ಬಳಸಿದ ಅದೇ ಕುರ್ಚಿಯಿಂದ ಎಂಟರಿಂದ ಹತ್ತು ಸಲ ಏಳುವುದು, ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಆಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ ಶುರು ಮಾಡಿ. ಸಲೀಸಾದ ಮೇಲೆ ದಿಂಬು ತೆಗೆಯಿರಿ, ಆಮೇಲೆ ಇನ್ನೂ ತಗ್ಗಿನ ಸ್ಟೂಲು. ಮೇಲೇಳುವಾಗ ಒಂದು ಎಣಿಕೆ, ಇಳಿಯುವಾಗ ಮೂರು ಎಣಿಕೆ. ನಿಧಾನಕ್ಕೆ ಇಳಿಯುವುದರಲ್ಲೇ ಬಲ ಬೆಳೆಯುತ್ತದೆ, ಎಲ್ಲರೂ ತಪ್ಪಿಸುವುದೂ ಅದನ್ನೇ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಸಲ. ಅದೇ ಕಟ್ಟೆಯ ಪಕ್ಕ ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿಗೆ ಬೆರಳು ತಾಗುವಂತೆ ಇಟ್ಟು ಹತ್ತು ಸೆಕೆಂಡು ನಿಲ್ಲುವುದು. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ ತಂದೆಯವರು ಬಹುಶಃ ತೋಟ ಸುತ್ತುತ್ತೇನೆ, ಸಾಕಲ್ಲ ಎನ್ನುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ನೆಲದಿಂದ ಏಳಿಸುವ ತೊಡೆಯ ಬಲ ಬರೀ ನಡಿಗೆಯಿಂದ ಬರುವುದಿಲ್ಲ.

ಊಟದ ಬಗ್ಗೆ ಒಂದೇ ಮಾತು. ತಿಳಿ ಸಾರು, ಅನ್ನ, ಮಜ್ಜಿಗೆ ಎಂಬ ಮುದುಕರ ಊಟದಲ್ಲಿ ಪ್ರೋಟೀನ್ ತೀರಾ ಕಡಿಮೆ. ಮೂತ್ರಪಿಂಡ ಸರಿಯಿದ್ದರೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಕಡಲೆಕಾಯಿ ಅಥವಾ ಹೆಸರುಕಾಳಿನಲ್ಲಿ ಸುಮಾರು ಏಳು ಗ್ರಾಂ. ತಳದ ಬೇಳೆ ಬಡಿಸಿ, ಉಸುಲಿ ಮಾಡಿ, ಮೂರು ಹೊತ್ತಿಗೂ ಹಂಚಿ.

ಈಗ ಅಮ್ಮ. ಪತ್ರಗಳಲ್ಲಿ ಅಪ್ಪಂದಿರ ಪೂಜೆಗೆ ಹತ್ತು ಸಾಲು, ಅಮ್ಮನಿಗೆ ಒಂದು ಸಾಲು ಇರುತ್ತದೆ. ನಿಜಕ್ಕೂ ದಿನಕ್ಕೆ ಹೆಚ್ಚು ಸಲ ಬಗ್ಗಿ ಏಳುವವರು ಅಮ್ಮ. ಸವೆದ ಮಂಡಿಗೆ ಪೂರ್ತಿ ಮಡಚುವುದೇ ಕಷ್ಟ. ಕುಕ್ಕರಗಾಲಿನಲ್ಲಿ ಮಂಡಿಚಿಪ್ಪಿನ ಮೇಲೆ ಬೀಳುವ ಒತ್ತಡ ನಿಂತಿರುವಾಗಿನದಕ್ಕಿಂತ ಹಲವು ಪಟ್ಟು. ಅವರು ನೆಲಕ್ಕೆ ಕೂರುವುದನ್ನು ಕಡಿಮೆ ಮಾಡಬೇಕು, ಅಪ್ಪನಂತೆ ನೆಲವನ್ನು ಉಳಿಸಿಕೊಳ್ಳುವ ಹಟ ಇಲ್ಲಿ ಬೇಡ. ಈಳಿಗೆಮಣೆಯಲ್ಲಿ ಕೆಲಸ ಬೇಗ ಸಾಗುತ್ತದೆ, ಕೈ ಪಳಗಿದೆ, ಅದನ್ನು ಕಿತ್ತುಕೊಂಡು ಚಾಕು ಕೊಟ್ಟರೆ ಬೆರಳು ಕುಯ್ದುಕೊಳ್ಳುತ್ತಾರೆ. ಜಗಲಿಯ ಕಟ್ಟೆಯಂಥ ಎತ್ತರದ ಜಾಗದಲ್ಲಿ ಕೂತು, ಪಕ್ಕದಲ್ಲೇ ಈಳಿಗೆಮಣೆ ಇಟ್ಟು ಮಡಚಿದ ಕಾಲಿನಿಂದ ಒತ್ತಿ ಹಿಡಿಯುವಂತಿದ್ದರೆ ಹಾಗೇ ಮಾಡಲಿ. ಇಲ್ಲವಾದರೆ ಮೇಜಿಗೆ ತಿರುಪಿನಿಂದ ಬಿಗಿಸುವ ಈಳಿಗೆ ಕೊಡಿಸಿ. ಯಾವುದೇ ಆದರೂ ಏಳುವ ಮುಂಚೆ ಅಲಗನ್ನು ಮಡಚುವುದು ಕಡ್ಡಾಯ. ಕೈ ಊರಿ ಏಳುವಾಗ ಅಲಗು ಪಕ್ಕದಲ್ಲಿ ನಿಂತಿರಬಾರದು.

ರಂಗೋಲಿಯಲ್ಲಿ ಮಂಡಿಗಿಂತ ಅಂಗಳದ್ದೇ ಚಿಂತೆ. ಮಲೆನಾಡಿನ ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಕಟ್ಟಿರುತ್ತದೆ, ಬೆಳಕು ಹರಿಯುವ ಮುಂಚೆ ನೀರು ಚಿಮುಕಿಸಿ ಬಗ್ಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ್ತಿಲ ಒಳಗಿನ ಒಣ ಜಾಗದಲ್ಲಿ ಹಾಕಲಿ. ಓಡಾಡುವ ದಾರಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಯಾರಾದರೂ ಉಜ್ಜಿಕೊಡಲಿ. ಕಾಲು ನೇರ ನಿಲ್ಲಿಸಿ ಸೊಂಟದಿಂದ ಬಗ್ಗಿ, ತಲೆ ಕೆಳಗೆ ಮಾಡಿಕೊಂಡು ಎಳೆ ಎಳೆಯುವ ರೂಢಿ ಇದ್ದರೆ ಬಿಡಿಸಿ, ತಲೆ ಎತ್ತಿದ ಕೂಡಲೇ ಸುತ್ತು ಬರುತ್ತದೆ. ಎಂಟು ಹತ್ತು ಇಂಚಿನ ಸಣ್ಣ ಸ್ಟೂಲಿನ ಮೇಲೆ ಕೂತು ಹಾಕಿದರೆ ಪುಟ್ಟ ರಂಗೋಲಿಗೆ ತೊಂದರೆಯಿಲ್ಲ.

ಸಕ್ಕರೆ ಕಾಯಿಲೆಯವರಲ್ಲಿ ಇನ್ನೆರಡು ವಿಷಯ ನೋಡಬೇಕು. ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿ, ಅಪ್ಪನ ಪೂಜೆ ಮುಗಿಯಲಿ ಎಂದು ತಿಂಡಿಗೆ ಕಾದರೆ ಸಕ್ಕರೆ 70ಕ್ಕಿಂತ ಇಳಿದು, ಬೆವತು, ನಡುಗಿ ಬೀಳಬಹುದು. ಆ ಮಾತ್ರೆ ತಟ್ಟೆ ಮುಂದೆ ಬಂದಾಗಲೇ. ಎರಡನೆಯದು ಪಾದದ ಸ್ಪರ್ಶ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ವಿಟಮಿನ್ ಬಿ12 ಕಡಿಮೆಯಾಗುವುದು ಸಾಮಾನ್ಯ. ಪಾದ ಮರಗಟ್ಟುವುದಕ್ಕೆ ಸಕ್ಕರೆಯ ಜೊತೆ ಇದೂ ಕಾರಣವಾಗಿರುತ್ತದೆ. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಹತ್ತಿಯಿಂದ ಸವರಿ. ತಿಳಿಯುವುದಿಲ್ಲ ಎಂದರೆ ವೈದ್ಯರಿಗೆ ಹೇಳಿ.

ಶೌಚಾಲಯದಲ್ಲಿ ಮಾತ್ರ ರಾಜಿ ಬೇಡ, ಇಬ್ಬರಿಗೂ ಬದಲಾಯಿಸಿ. ಅಲ್ಲಿ ಬೀಳುವುದು ರಾತ್ರಿ, ಒಬ್ಬರೇ, ಬಾಗಿಲು ಹಾಕಿಕೊಂಡು. ನೆಲ ಒಡೆದು ಕಮೋಡ್ ಕೂರಿಸುವವರೆಗೆ, ಹಳೆಯ ಗುಂಡಿಯ ಮೇಲೇ ಇಡುವ ಸ್ಟೀಲ್ ಚೌಕಟ್ಟಿನ ಕಮೋಡ್ ಸ್ಟೂಲು ಸಿಗುತ್ತದೆ. ಎತ್ತರ 43ರಿಂದ 48 ಸೆಂ.ಮೀ. ಇರಲಿ. ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇದೆಯೇ, ಗುಂಡಿಯ ಇಳಿಜಾರಿನ ಮೇಲೆ ಯಾವುದಾದರೂ ಕಾಲು ನಿಲ್ಲುತ್ತಿದೆಯೇ ನೋಡಿ. ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಇಡುವ ಪದ್ಧತಿ ಹಳ್ಳಿಗಳಲ್ಲಿದೆ. ಒದ್ದೆ ನೆಲದಲ್ಲಿ ಅದರ ಕಾಲುಗಳು ಅಗಲಿಸಿ ಮುರಿಯುತ್ತವೆ, ಬೇಡವೇ ಬೇಡ. ಚಿಲಕ ಒಳಗಿನಿಂದ ಹಾಕಿದರೂ ಹೊರಗಿನಿಂದ ತೆಗೆಯುವಂತಿರಲಿ, ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ. ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿಯಿಡೀ ಸಣ್ಣ ಎಲ್‌ಇಡಿ ದೀಪ ಉರಿಯಲಿ, ಕರೆಂಟ್ ಹೋಗುವ ಊರಾದ್ದರಿಂದ ದಿಂಬಿನ ಪಕ್ಕ ಟಾರ್ಚ್ ಇರಲಿ. ಬಚ್ಚಲಿನಲ್ಲಿ ಎಣ್ಣೆಸ್ನಾನದ ದಿನ ಅಂಗಾಲಿಗೆ ಎಣ್ಣೆ ಹಚ್ಚುವುದು ಬೇಡ, ಕೂತೇ ಸ್ನಾನ ಮಾಡಲಿ, ಸೀಗೆಪುಡಿಯಲ್ಲಿ ನೆಲ ತೊಳೆದ ಮೇಲೆಯೇ ಏಳಲಿ.

ಇಷ್ಟಾದ ಮೇಲೂ ಬಿದ್ದರೆ, ಓಡಿಹೋಗಿ ರಟ್ಟೆ ಹಿಡಿದು ಎತ್ತಬೇಡಿ. ಮಲಗಿದಲ್ಲೇ ಎರಡು ನಿಮಿಷ ಬಿಟ್ಟು ಎಲ್ಲಿ ನೋವು ಕೇಳಿ. ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಎಣ್ಣೆ ಹಚ್ಚಿ ನೀವಿಸುವುದು, ಎಳೆಸುವುದು ಯಾವುದೂ ಬೇಡ. ಶಸ್ತ್ರಚಿಕಿತ್ಸೆ ಎರಡು ದಿನದೊಳಗೆ ಆದಷ್ಟೂ ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಏಟು ಬಿದ್ದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ಆಗಿಲ್ಲವೆಂದಾದರೆ ಮೇಲೆ ಹೇಳಿದ ಅಂಬೆಗಾಲು, ಕುರ್ಚಿಯ ಕ್ರಮದಲ್ಲೇ ಅವರಾಗಿ ಏಳಲಿ. ಇಬ್ಬರೇ ಇರುವ ಮನೆಯಲ್ಲಿ ಆ ಅಭ್ಯಾಸಕ್ಕೆ ಇರುವ ನಿಜವಾದ ಬೆಲೆ ಇದೇ: ನೆಲದಿಂದ ಏಳಲು ಬರುವವರು ಬಿದ್ದಲ್ಲೇ ಗಂಟೆಗಟ್ಟಲೆ ಬಿದ್ದಿರಬೇಕಾಗುವುದಿಲ್ಲ. ಮೊಬೈಲನ್ನು ಎತ್ತರದ ಗೂಡಿನಲ್ಲಿ ಇಡದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.

ನೆಲವನ್ನು ನಿಜವಾಗಿ ಬಿಡಬೇಕಾದ ಸಂದರ್ಭಗಳೂ ಇವೆ. ಸೊಂಟದ ಕೀಲು ಬದಲಿಸಿದವರು ಶಸ್ತ್ರವೈದ್ಯರ ಒಪ್ಪಿಗೆಯಿಲ್ಲದೆ ತಗ್ಗಿನಲ್ಲಿ ಕೂರಬಾರದು. ಬೆನ್ನುಮೂಳೆ ಕುಸಿದು ಇನ್ನೂ ನೋವಿರುವವರು, ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಮುಂದುವರಿದವರು, ಎದ್ದಾಗ ಒತ್ತಡ ಇಳಿಯುವುದು ಇನ್ನೂ ಹತೋಟಿಗೆ ಬಾರದವರು ಕುರ್ಚಿಯಲ್ಲೇ ಪೂಜೆ ಮಾಡಬೇಕು. ಅಂಥ ದಿನ ಬಂದರೆ ದೇವರ ಪೀಠವನ್ನು ಎರಡೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ಏರಿಸಿ, ಮುಂದೆ ಕೈಯಿರುವ ಕುರ್ಚಿ ಹಾಕಿ. ಬರೀ ಕುರ್ಚಿ ಹಾಕಿ ದೇವರನ್ನು ಕೆಳಗೇ ಬಿಟ್ಟರೆ, ದೇವರಿಗಿಂತ ಮೇಲೆ ಕೂತಂತಾಯಿತು ಎಂಬ ಮುಜುಗರಕ್ಕೇ ಅರ್ಧ ಜನ ಒಪ್ಪುವುದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಬೇಡಿ. ಮುಂದಿನ ಸಲ ಊರಿಗೆ ಹೋದಾಗ ಬಿಪಿ ಅಳತೆ, ಕುರ್ಚಿಯ ಎಣಿಕೆ, ದೀಪದ ಕಂಬ ಸರಿಸುವುದು, ಈ ಮೂರು ಮಾಡಿ. ಮಣೆಯ ಅಳತೆ ಬಡಗಿಗೆ ಕೊಟ್ಟು ಬನ್ನಿ. ಎಂಟು ವಾರ ವ್ಯಾಯಾಮ ಮಾಡಿದ ಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ, ಕ್ಯಾಲೆಂಡರ್‌ನಲ್ಲಿ ಬರೆದದ್ದಕ್ಕಿಂತ ಎರಡು ಮೂರು ಹೆಚ್ಚಿರಬೇಕು. ಸರಿಯಾಗಿ ಮಾಡಿಯೂ ಹೆಚ್ಚದಿದ್ದರೆ, ಅಥವಾ ಇಳಿದಿದ್ದರೆ, ವಯಸ್ಸಾಯ್ತು ಎಂದು ಸುಮ್ಮನಾಗದೆ ಬಿ12, ವಿಟಮಿನ್ ಡಿ, ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಇಬ್ಬರ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ, ನಿದ್ದೆ ಮಾತ್ರೆಯನ್ನೂ ಸೇರಿಸಿ.